ತಾಳ ತಪ್ಪಿದ ಕೋಶ

ಗೊತ್ತಾ, ಒಂದು ಲ್ಯಾಬಲ್ಲಿ ಅಕ್ಕಪಕ್ಕ ಎರಡು ಗಾಜಿನ ತಟ್ಟೆ ಇದ್ವು. ಒಂದರಲ್ಲಿ ಗಟ್ಟಿಮುಟ್ಟಾದ ಹೃದಯದಿಂದ ತೆಗೆದ ಎಳೇ ಜೀವಕೋಶ, ಇನ್ನೊಂದರಲ್ಲಿ ಕಾಯಿಲೆ ಬಿದ್ದ ಹೃದಯದ್ದು. ಎರಡೂ ಬೆಳೆದು ಮಿಡಿಯೋದು ಕಲೀಬೇಕಿತ್ತು. ಗಟ್ಟಿ ಕೋಶ ಟಕಟಕ ಅಂತ ಕಲಿತೇಬಿಡ್ತು! ಕಾಯಿಲೆ ಕೋಶ ಎರಡು ಸಲ ಮಿಡಿದ್ರೆ ಮೂರನೇ ಸಲ ತಾಳ ತಪ್ಪೋದು.

"ನೋಡು ತಂಗಿ, ಇದು ಇಲ್ಲಿ ಸಂಶೋಧನೆ ಮಾಡೋ ವಾರಿಜಾ ಮೇಡಂ ಕಣ್ಣಿಗೆ ಬಿದ್ರೆ ನಿನಗೆ ಕಸದ ಡಬ್ಬೀನೇ ಗತಿ. ಚೆನ್ನಾಗಿರೋ ಹಾಗೆ ನಟಿಸು!" ಅಂತು ಗಟ್ಟಿ ಕೋಶ.

ಪಾಪ, ಕಾಯಿಲೆ ಕೋಶ ಮೈಯೆಲ್ಲಾ ಬಿಗಿಹಿಡಿದು ಮಿಡೀತು. ಮೇಡಂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದೇ ತಡ, ತಾಳ ತಪ್ಪೇಹೋಯ್ತು!

ಮೇಡಂ ಕುರ್ಚಿಯಿಂದ ಹಾರಿದ್ರು. "ಇಲ್ಲೇ! ರೋಗ ಶುರುವಾಗೋದು ಇಲ್ಲೇ! ಇದನ್ನ ನೋಡೋಕೆ ತಾನೇ ಎರಡು ವರ್ಷ ಕಾದಿದ್ದು, ನನ್ ಚಿನ್ನಾ!"

ಕಾಯಿಲೆ ಕೋಶ ಮೆಲ್ಲಗೆ ಕೇಳ್ತು: "ಇನ್ನೊಂದ್ಸಲ ತಪ್ಪಿಸಿ ತೋರಿಸ್ಲಾ, ಮೇಡಂ?"