ಆಚೆ ದಡದ ಮೌನ

ಹೊಳೆಯ ದಡದಲ್ಲಿ ಒಂದು ಚಿಕ್ಕ ಆಶ್ರಮ. ಅಲ್ಲಿ ಉಳಿದವರು ಇಬ್ಬರೇ: ಗುರು ನಂಜುಂಡಾರ್ಯರು, ಶಿಷ್ಯ ವಿರೂಪಾಕ್ಷ. ಮಿಕ್ಕ ಶಿಷ್ಯರೆಲ್ಲ ಆಚೆ ದಡದ ದೊಡ್ಡ ಆಶ್ರಮ ಸೇರಿದ್ದರು. ಚನ್ನಮಲ್ಲನೂ ಹೋಗಿದ್ದ. ವಿರೂಪಾಕ್ಷನಿಗೆ ಅವನೆಂದರೆ ಜೀವ. ಅದಕ್ಕೇ ದೋಣಿ ಬಂದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದ.

“ಗುರುಗಳೇ, ನಮ್ಮಲ್ಲಿ ಏನೋ ಕಡಿಮೆಯಿದೆ. ಆಚೆ ಹೋಗಿ, ಅವರು ನಡೆಸುವ ರೀತಿಯನ್ನು ನಮ್ಮದರ ಜೊತೆ ಹೋಲಿಸಿ ನೋಡಿ ಬರಲೇ? ಒಳ್ಳೆಯದನ್ನು ತಂದರೆ ಹೋದವರು ತಿರುಗಿ ಬರಬಹುದು.”

“ಹೋಗಿ ಬಾ.”

ಅವನು ಹೋದ ದಿನ ಚನ್ನಮಲ್ಲ ಸೌದೆ ತರಲು ಹೋಗಿದ್ದ, ಸಿಗಲಿಲ್ಲ. ಆದರೂ ವಿರೂಪಾಕ್ಷ ಹುರುಪಿನಿಂದಲೇ ಮರಳಿದ.

“ಪೂಜೆ, ಪಾಠ ಎಲ್ಲ ನಮ್ಮ ಹಾಗೇ, ಗುರುಗಳೇ. ಒಂದೇ ವ್ಯತ್ಯಾಸ. ಅಲ್ಲಿ ಊಟಕ್ಕೆ ಕೂತರೆ, ಪಾತ್ರೆ ತೊಳೆದಿಡುವ ತನಕ ಯಾರೂ ತುಟಿ ಬಿಚ್ಚುವುದಿಲ್ಲ. ಅವರ ಏಳಿಗೆಯ ಗುಟ್ಟು ಅದೇ ಇರಬೇಕು.”

“ಇಲ್ಲೂ ಹಾಗೇ ಮಾಡೋಣ ಅನ್ನು.”

“ಹೌದು. ನೀವಂತೂ ಬಡಿಸುವಾಗ ಬಹಳ ಮಾತಾಡುತ್ತೀರಿ.”

ಗುರುಗಳು ನಕ್ಕರು. ಅಂದಿನಿಂದ ಉಪ್ಪು ಬೇಕಾದರೂ ಕೈಸನ್ನೆ ಮಾಡತೊಡಗಿದರು.

ಒಂದು ಮಧ್ಯಾಹ್ನ ಚನ್ನಮಲ್ಲ ದೋಣಿ ಇಳಿದು ಬಂದ. ನೇರವಾಗಿ ಬಂದು ಊಟಕ್ಕೇ ಕೂತ. ವಿರೂಪಾಕ್ಷನ ಎದೆ ಹಿಗ್ಗಿತು. ಆದರೆ ಎಲೆ ಹಾಕಿಯಾಗಿತ್ತು, ನಿಯಮ ಮುರಿಯುವಂತಿಲ್ಲ. ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಗುರುಗಳು ಸದ್ದಿಲ್ಲದೆ ಬಡಿಸಿದರು. ಮೂವರೂ ಮಾತಿಲ್ಲದೆ ಉಂಡರು.

ಕೈ ತೊಳೆದು ಬಂದ ಚನ್ನಮಲ್ಲ ತಡೆಯಲಾರದೆ ಕೇಳಿದ:

“ಏನೋ ಇದು? ಅಲ್ಲಿ ದೊಡ್ಡ ಪಂಕ್ತಿ ಕಣೋ. ಎಲ್ಲರೂ ಮಾತಾಡಿದರೆ ಬಡಿಸುವವರು ಕೂಗಿದ್ದು ಯಾರಿಗೂ ಕೇಳಿಸುವುದಿಲ್ಲ, ಅದಕ್ಕೆ ಮೌನ. ನಿಮಗೇನಾಗಿದೆ? ‘ಹಕ್ಕಿಯ ಹಾಗೆ ಕುಕ್ಕಬೇಡವೋ, ಸರಿಯಾಗಿ ಉಣ್ಣು’ ಅಂತ ಗುರುಗಳು ಬೈಯುವುದನ್ನು ಕೇಳೋಕೇ ಹೊಳೆ ದಾಟಿ ಬಂದೆ. ಇಲ್ಲೇ ಇದ್ದುಬಿಡೋಣ ಅಂತಲೂ ಇತ್ತು.”

ವಿರೂಪಾಕ್ಷನ ಕೈಯಲ್ಲಿ ಇನ್ನೂ ತೊಳೆಯದ ಪಾತ್ರೆಯಿತ್ತು. ಅವನು ಮಾತಾಡಲಿಲ್ಲ.

ಚನ್ನಮಲ್ಲ ಸ್ವಲ್ಪ ಹೊತ್ತು ಕಾದ. ಆಮೇಲೆ ಗುರುಗಳ ಕಾಲಿಗೆ ಬಿದ್ದು, ದೋಣಿಯತ್ತ ನಡೆದ.

ಕಡೆಯ ಪಾತ್ರೆ ತೊಳೆದಿಟ್ಟದ್ದೇ ವಿರೂಪಾಕ್ಷನಿಗೆ ಅಳು ಒತ್ತರಿಸಿ ಬಂತು.

“ಗುರುಗಳೇ, ಅಲ್ಲಿ ಮೌನ ಯಾಕೆ ಅಂತ ನಾನು ಕೇಳಲೇ ಇಲ್ಲ. ಇಲ್ಲಿ ಅವನಿಗೆ ಏನು ಬೇಕಿತ್ತು ಅಂತಲೂ ಯೋಚಿಸಲಿಲ್ಲ. ಈಗೇನು ಮಾಡಲಿ?”

ಗುರುಗಳು ಹೊಳೆಯತ್ತ ಕೈ ತೋರಿಸಿದರು.

“ದೋಣಿ ಇನ್ನೂ ನಡುಹೊಳೆ ದಾಟಿಲ್ಲ. ಅಳುವುದಕ್ಕೆ ಆಮೇಲೂ ಹೊತ್ತಿದೆ. ಈಗ ಗಂಟಲು ಹರಿಯುವ ಹಾಗೆ ಕೂಗು.”