ತಳವಿಲ್ಲದ ನವಿಲು

ಹೊಳೆದಂಡೇಲಿ ಮಡಕೆ ಹಬ್ಬ. ಜನರ ಮುಂದೆ ಮಡಕೆ ಮಾಡಿ, ಚಿತ್ತಾರ ಬಿಡಿಸಿ ತೋರಿಸೋ ಸರದಿ ಆ ಸಲ ಕರಿಬಸವನದು.

ಅವನ ಗುರು ಮುದ್ದಯ್ಯನವರದು ಒಂದು ಪದ್ಧತಿ. ಶಿಷ್ಯನ ಕೆಲಸ ಮನಸ್ಸಿಗೆ ಬಂದ ದಿನ, ತಾವು ಮಡಕೆ ತಟ್ಟೋ ಮರದ ಹಲಗೇನ ಅವನಿಗೆ ಕೊಡೋರು. ಹಲಗೆ ಸಿಕ್ಕಿದವನು ಸ್ವಂತ ತಿಗರಿ ಹೂಡಬಹುದು. ಸಿಗದವನು ಮಣ್ಣು ತುಳೀತಾ ಇರಬಹುದು.

ಕರಿಬಸವ ಬಹಳ ಕಾಲದಿಂದ ತುಳೀತಾ ಇದ್ದ. ಇವತ್ತು ಹಲಗೆ ಸಿಕ್ಕೇ ಸಿಗುತ್ತೆ ಅಂತ ಹೊಸ ಬಿಳಿ ಪಂಚೆ ಉಟ್ಟು ಬಂದಿದ್ದ. ಮಣ್ಣಿನ ಕೆಲಸಕ್ಕೆ.

"ಏನೇನ್ ತಂದಿದ್ದೀಯೋ?" ಅಂದ್ರು ಮುದ್ದಯ್ಯ.

"ಕುಂಚ, ಬಾಚಣಿಗೆ, ಕೆಮ್ಮಣ್ಣು, ಬಿಳಿಮಣ್ಣು."

"ಅಷ್ಟೇನಾ?"

"ಇನ್ನೇನ್ ಬೇಕು ಗುರುಗಳೇ?"

ಗುರುಗಳು ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡ್ರು.

ತಿಗರಿ ತಿರುಗ್ತು, ಮಡಕೆ ಎದ್ದಿತು. ಕರಿಬಸವ ದಾರದಿಂದ ಕೊಯ್ದು ಅದನ್ನ ಮಣೆ ಮೇಲಿಟ್ಟ. ಹಾಗೆ ಕೊಯ್ದ ಮಡಕೆಗೆ ತಳ ಇರಲ್ಲ. ಸ್ವಲ್ಪ ಆರಿದ ಮೇಲೆ ಒಳಗೆ ಗುಂಡುಕಲ್ಲು ಹಿಡಿದು, ಹೊರಗಿಂದ ಹಲಗೇಲಿ ತಟ್ಟಿ ತಟ್ಟಿ ತಳ ಕೂಡಿಸ್ಬೇಕು. ಕುಂಬಾರರ ಮನೆ ಬೆಕ್ಕಿಗೂ ಗೊತ್ತಿರೋ ಸಂಗತಿ.

ಕರಿಬಸವನಿಗೂ ಗೊತ್ತಿತ್ತು. ಆದ್ರೆ ಮಡಕೆ ಆರೋ ಹೊತ್ತಿಗೆ ಅವನ ತಲೆಗೆ ನವಿಲು ಹೊಕ್ಕಿತ್ತು.

ಬಾಚಣಿಗೇಲಿ ಅಲೆ ಎಳೆದ. ಕೆಮ್ಮಣ್ಣಲ್ಲಿ ಬಳ್ಳಿ ಬಿಡಿಸಿದ. ನಡುವೆ ಬಿಳಿಮಣ್ಣಲ್ಲಿ ನವಿಲು, ಗರಿಗೊಂದು ಕಣ್ಣು.

"ಅಬ್ಬಬ್ಬಾ, ಕುಣಿಯೋದೊಂದು ಬಾಕಿ!" ಅಂದ್ಲು ಮುಂದೆ ಕೂತಿದ್ದ ಹೆಂಗಸು.

ಹಬ್ಬದ ಅಧ್ಯಕ್ಷರಿಗೆ ಖುಷಿಯಾಯ್ತು. ಮಡಕೆ ಬಾಯಿ ಜನರ ಕಡೆ ತಿರುಗಿಸಿ, ಎರಡೂ ಕೈಲಿ ಮುಖದ ಮುಂದೆ ಎತ್ತಿ ಹಿಡಿದ್ರು. ಒಳಗಿಂದ ಅವರ ಮೂಗು, ಮೀಸೆ ಎಲ್ಲಾ ಕಾಣಿಸ್ತು.

"ಕೆಲಸ ಬಹಳ ಚೆನ್ನಾಗಿದೆ," ಅಂತು ಮೀಸೆ.

"ಇದ್ರಲ್ಲಿ ಏನಪ್ಪಾ ತುಂಬೋದು?" ಅಂದ್ಲು ಅದೇ ಹೆಂಗಸು.

ದಂಡೆಗೆ ದಂಡೆಯೇ ನಕ್ಕಿತು. ಕರಿಬಸವ ಗುರುಗಳ ಹತ್ರ ಓಡಿದ.

"ಈಗ ತಟ್ಟಿದ್ರೆ ನವಿಲು ಕೆಟ್ಟೋಗುತ್ತೆ ಗುರುಗಳೇ."

"ಹೌದು."

"ತಟ್ಟದೇ ಇದ್ರೆ?"

"ನವಿಲು ನಿಲ್ಲುತ್ತೆ. ನೀರು ನಿಲ್ಲಲ್ಲ."

"ನಾನು ಹಲಗೆ ತಂದೇ ಇಲ್ಲ."

ಮುದ್ದಯ್ಯ ತಮ್ಮ ಚೀಲದಿಂದ ಹಲಗೆ, ಗುಂಡುಕಲ್ಲು ತೆಗೆದು ಚಾಚಿದ್ರು. "ಕೆಲಸ ಮುಗಿಸಿ ವಾಪಸ್ ಕೊಡು."

ಕರಿಬಸವ ನವಿಲಿನ ಕಡೆ ಒಂದು ಸಲ ನೋಡ್ದ. ಆಮೇಲೆ ಮಡಕೇನ ಓರೆಯಾಗಿ ಹಿಡ್ಕೊಂಡು ಕೂತ.

ಟಪ್. ಟಪ್. ಟಪ್.

ಮಡಕೆ ಹೊಟ್ಟೆ ಉಬ್ಬಿತು. ನವಿಲಿನ ಹೊಟ್ಟೇನೂ ಉಬ್ಬಿತು. ಕತ್ತು ಮೋಟಾಯ್ತು, ಗರಿ ಕಲಸಿ ಪುಕ್ಕ ಆಯ್ತು. ತಳ ಮಾತ್ರ ಬೆಸೆದುಕೊಂಡು ಬಂತು.

"ಕೋಳಿ! ಕೋಳಿ!" ಅಂತ ಕೂಗಿದ್ರು ಜನ.

ಕರಿಬಸವನೂ ಬಗ್ಗಿ ನೋಡ್ದ. ಕೋಳೀನೇ. ಅವನಿಗೂ ನಗು ತಡೀಲಿಲ್ಲ. ನಗ್ತಾ ನಗ್ತಾ ಕೈಯನ್ನ ಹೊಸ ಪಂಚೆಗೇ ಒರೆಸ್ಕೊಂಡ, ತಳ ಪೂರ್ತಿ ಕೂಡೋವರೆಗೂ ತಟ್ಟಿದ.

ಆಮೇಲೆ ಹಲಗೇನ ಗುರುಗಳ ಮುಂದೆ ಹಿಡಿದ. "ತಗೊಳ್ಳಿ. ನವಿಲು ಹೋಗಿ ಕೋಳಿ ಆಯ್ತು."

ಮುದ್ದಯ್ಯ ಹಲಗೆ ಮುಟ್ಟಲಿಲ್ಲ. ಮಡಕೆ ತಳಾನ ಬೆರಳಲ್ಲಿ ಒತ್ತಿ ನೋಡಿದ್ರು.

"ನೀನೇ ಇಟ್ಕೊಳೋ. ಕೋಳಿ ಆದ್ರೆ ಮೊಟ್ಟೆನಾದ್ರೂ ಇಡುತ್ತೆ."