ಅಡಿಗೆಮನೆ ಬಾಗಿಲಲ್ಲಿ ಶಂಕ್ರವ್ವ

ಮಲಪ್ರಭೆಯ ದಂಡೆಯ ಮೇಲೆ ಮುರಿಗೆಯ್ಯಜ್ಜನ ಮಠವಿದೆ. ಮಠ ಅನ್ನುವುದು ದೊಡ್ಡ ಮಾತು. ಎರಡು ಕೋಣೆ, ಒಂದು ಬೇವಿನ ಮರ, ಅಷ್ಟೇ.

ಅಂಥ ಮಠಕ್ಕೆ ಗೋಡೆಯಗಲ ಟಿವಿ ಬಂದದ್ದು ಅಜ್ಜನ ತಪ್ಪಲ್ಲ. ಯಾರೋ ಗುತ್ತಿಗೆದಾರ ಭಕ್ತ ಹರಕೆ ತೀರಿಸಿ ಹೋಗಿದ್ದ. ಅಜ್ಜ ಅದಕ್ಕೊಂದು ಪಂಚೆ ಹೊದಿಸಿ ಮರೆತುಬಿಟ್ಟಿದ್ದರು.

ಒಂದು ಮಧ್ಯಾಹ್ನ ಬಾಳಪ್ಪ ಬಂದು ಆ ಪಂಚೆ ತೆಗೆದ.

ಬಾಳಪ್ಪ ಟಿವಿ ಮೆಕ್ಯಾನಿಕ್, ಹುಡುಗನಾಗಿದ್ದಾಗಿನಿಂದ ಅಜ್ಜನ ಶಿಷ್ಯ. ಸುತ್ತಲಿನ ಹಳ್ಳಿಗಳಲ್ಲಿ ಯಾರು ಹೊಸ ಟಿವಿ ತಂದರೂ ಚಿತ್ರ ಹದ ಮಾಡಲು ಇವನೇ ಬೇಕು. ಕರೆದ ಕೂಡಲೇ ಓಡುತ್ತಿದ್ದ. ಅವನ ಹೆಂಡತಿ ಶಂಕ್ರವ್ವ “ಊರಿಗೆ ಉಪಕಾರಿ, ಮನಿಗೆ ಮಾರಿ” ಅಂತ ನಗುತ್ತಿದ್ದಳು.

ಮೂರು ತಿಂಗಳ ಹಿಂದೆ ಜ್ವರ ಬಂದು ನಾಲ್ಕೇ ದಿನದಲ್ಲಿ ಶಂಕ್ರವ್ವ ಹೋಗಿಬಿಟ್ಟಳು. ಅಂದಿನಿಂದ ಬಾಳಪ್ಪ ಕೆಲಸಕ್ಕೆ ಹೋಗಿಲ್ಲ.

ಅವನು ಕಿಟಕಿ ಮುಚ್ಚಿದ. ಬಾಗಿಲು ಮುಚ್ಚಿದ. ಟಿವಿಗೆ ಪೆನ್ ಡ್ರೈವ್ ಚುಚ್ಚಿದ.

“ಏನಪಾ ಇದು?” ಅಜ್ಜ ಕೇಳಿದರು.

“ನಮ್ಮ ಮನಿ ವಾಸ್ತುಶಾಂತಿ ವಿಡಿಯೋರಿ ಅಜ್ಜಾರ. ಆಕಿ ಇರೋದು ಇದೊಂದರಾಗ. ಅದೂ ನಲವತ್ತು ಸೆಕೆಂಡು. ನನ್ನ ಟಿವಿಯಾಗ ಆಕಿ ಮುಖ ಕಾಣವಲ್ದು. ನಿಮ್ಮದು ಭಾರಿ ಟಿವಿ, ಇದರಾಗರೆ ಕಂಡೀತು ಅಂತ ಬಂದೆ.”

ಪರದೆ ಬೆಳಗಿತು. ವಿಡಿಯೋದವನು ಜನರ ಮಾತೆಲ್ಲ ಅಳಿಸಿ ಸನಾದಿ ವಾದ್ಯದ ಸದ್ದು ತುಂಬಿದ್ದ. ನಡುಮನೆಯಲ್ಲಿ ಒಬ್ಬ ಗಂಡಸು ಗೋಡೆಗೆ ಮುಖ ಮಾಡಿ ಕೂತಿದ್ದಾನೆ. ಅವನ ಬೆನ್ನ ಹಿಂದೆ, ಅಡಿಗೆಮನೆಯ ಕತ್ತಲ ಬಾಗಿಲಲ್ಲಿ, ಒಬ್ಬ ಹೆಂಗಸು ನಿಂತಿದ್ದಾಳೆ. ಅವಳು ಏನೋ ಹೇಳುತ್ತಿದ್ದಾಳೆ. ಸ್ವಲ್ಪ ಹೊತ್ತು ಕಾಯುತ್ತಾಳೆ. ಮತ್ತೆ ಹೇಳುತ್ತಾಳೆ. ಆಮೇಲೆ ಒಳಗೆ ಹೋಗುತ್ತಾಳೆ.

“ಈ ಗಂಡಸು ಯಾರು?”

“ನಾನರಿ.”

“ಗ್ವಾಡಿಗೆ ಮುಖ ಮಾಡಿ ಏನು ಮಾಡಾಕತ್ತಿ?”

“ಅವತ್ತ ಹೊಸ ಟಿವಿ ತಂದಿದ್ದೆ. ಬಂದ ಮಂದಿಗೆ ಛಂದ ಕಾಣಲಿ ಅಂತ ಚಿತ್ರ ಹದ ಮಾಡಾಕತ್ತಿದ್ದೆ.”

ಬಾಳಪ್ಪ ರಿಮೋಟ್ ಹಿಡಿದ. “ಅಂಗಡ್ಯಾಗಿನ ಸೆಟ್ಟಿಂಗ್ ಮನ್ಯಾಗ ಇಡಬಾರದ್ರಿ. ಅದು ಗಿರಾಕಿ ಕಣ್ಣು ಕುಕ್ಕಾಕ ಇಟ್ಟದ್ದು. ಮೊದಲ ಕಪ್ಪು ಹದಕ್ಕ ತರಬೇಕು. ಕೂದಲ ಎಳಿ ಎಳಿ ಕಾಣಬೇಕು, ಕಪ್ಪು ಕಪ್ಪಾಗೇ ಇರಬೇಕು.”

ಬ್ರೈಟ್‌ನೆಸ್ ಏರಿಸಿದ. ಶಂಕ್ರವ್ವನ ಮುಖ ಬೂದಿ ಬಣ್ಣವಾಯಿತು. ಇಳಿಸಿದ. ಮುಖ ಕತ್ತಲಲ್ಲಿ ಮುಳುಗಿತು. ಶಾರ್ಪ್‌ನೆಸ್ ಏರಿಸಿದ. ಸೀರೆಯ ಅಂಚು ಗರಗಸದ ಹಲ್ಲಿನಂತೆ ಎದ್ದಿತು, ಮುಖ ಮಾತ್ರ ಬರಲಿಲ್ಲ.

“ನೂರು ಮಂದಿ ಮನಿ ಟಿವಿ ಹದ ಮಾಡೇನ್ರಿ,” ಅಂದ. “ನನ್ನ ಹೇಣ್ತಿ ಮುಖ ಒಂದು ನನ್ನ ಕೈಗೆ ಬರವಲ್ದು.”

ಪಾಪ, ಅವನು ಅಳುತ್ತಲೇ ಗುಂಡಿ ಒತ್ತುತ್ತಿದ್ದ.

“ಮಗಳು ಹೆಂಗದಾಳ?” ಅಜ್ಜ ಕೇಳಿದರು.

“ಸುವರ್ಣಾ ಏನ್ರಿ? ಅದಾಳ. ಆಕಿ ಸೋದರಮಾವ ಬಂದಾನ. ಬಾಗಲಕೋಟಿಗೆ ಕರಕೊಂಡು ಹೋಗಿ ಅಲ್ಲೇ ಇಟ್ಟುಕೋತೀನಿ ಅಂತಾನ. ಇವತ್ತ ಮೂರರ ಬಸ್ಸಿಗೆ.”

“ಆಕಿ ಏನಂತಾಳ?”

“ಅಪ್ಪ ಇರು ಅಂದ್ರ ಇರತೀನಿ ಅಂದಾಳ.”

“ನೀ ಏನಂದಿ?”

“ಹೇಳತೀನಿ ತಡಿ ಅಂದೇನ್ರಿ. ಇದೊಂದು ಹದಕ್ಕ ಬರಲಿ.”

ಬಾಳಪ್ಪ ವಿಡಿಯೋ ಮತ್ತೆ ಮೊದಲಿನಿಂದ ಹಾಕಿದ. ಬಣ್ಣ ಕಡಿಮೆ ಮಾಡಿದ, ಮತ್ತೆ ಹಾಕಿದ. ಸನಾದಿ ಮೊಳಗುತ್ತಲೇ ಇತ್ತು. ಹೀಗೆ ಹತ್ತು ಸಲ ಶಂಕ್ರವ್ವ ಬಂದು ನಿಂತು, ಕಾದು, ಒಳಗೆ ಹೋದಳು.

ಹನ್ನೊಂದನೆಯ ಸಲ ಮೂಗು ಮೂಡಿತು. ಹಣೆಯ ಕುಂಕುಮ ಕಂಡಿತು. ಬಾಳಪ್ಪ ಪರದೆಗೆ ಹತ್ತಿರವಾದ.

ಅಷ್ಟರಲ್ಲಿ ಅವನ ಬೆನ್ನ ಹಿಂದಿನ ಬಾಗಿಲು ತೆರೆಯಿತು. ಬಿಸಿಲು ಸೀದಾ ಪರದೆಗೆ ಬಿದ್ದು ಚಿತ್ರವೆಲ್ಲ ಬೆಳ್ಳಗಾಯಿತು.

“ಅಪ್ಪಾ.”

“ಬಾಗಿಲಾ ಹಾಕು!” ಬಾಳಪ್ಪ ತಿರುಗದೆಯೇ ಕೂಗಿದ. “ಬೆಳಕ ಬೀಳತೈತಿ!”

ಸನಾದಿಯ ಸದ್ದಿನಲ್ಲಿ ಬಾಗಿಲಿನ ಆ ದನಿ ಏನೋ ಹೇಳಿತು. ಸ್ವಲ್ಪ ಹೊತ್ತು ಕಾಯಿತು. ಮತ್ತೊಮ್ಮೆ ಹೇಳಿತು.

“ಹಾಕು ಅಂದೆ!”

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಕೋಣೆ ಮತ್ತೆ ಕತ್ತಲಾಯಿತು. ಪರದೆಯ ಮೇಲೆ ಶಂಕ್ರವ್ವ ಆಗಲೇ ಒಳಗೆ ಹೋಗಿದ್ದಳು. ಬಾಳಪ್ಪ ಹಲ್ಲು ಕಚ್ಚಿ ವಿಡಿಯೋ ಹಿಂದಕ್ಕೆ ಓಡಿಸಿದ, ಮತ್ತೆರಡು ಸಲ ಹಾಕಿದ.

“ಬಾಳಪ್ಪಾ,” ಅಂದರು ಅಜ್ಜ.

“ರೀ.”

“ಏನಂದ್ಲು?”

“ಅದ ಗೊತ್ತಾಗವಲ್ದರಿ ಅಜ್ಜಾರ. ತುಟಿ ಇನ್ನೊಂಚೂರು ಕಂಡ್ರ ತಿಳಕೋತಿದ್ದೆ.”

“ಶಂಕ್ರವ್ವ ಅಲ್ಲ. ಈಗ ನಿನ್ನ ಹಿಂದ ಬಾಗಿಲದಾಗ ನಿಂತಿದ್ದಾಕಿ.”

ಬಾಳಪ್ಪನ ಹೆಬ್ಬೆರಳು ಗುಂಡಿಯ ಮೇಲೆಯೇ ನಿಂತಿತು. ಅವನು ಎದ್ದ. ಕಾಲು ಜೋಮು ಹಿಡಿದಿತ್ತು. ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆರೆದ.

ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ರೊಟ್ಟಿಯ ಬುತ್ತಿಗಂಟು ಇತ್ತು. ಅವ್ವ ಕಟ್ಟುತ್ತಿದ್ದ ಹಾಗೆಯೇ ಮಗಳೂ ಎರಡು ಗಂಟು ಹಾಕಿ ಕಟ್ಟಿದ್ದಳು.

ಮಠದ ಮುಂದಿನ ಸ್ಟಾಪಿನಿಂದ ಹೊರಟ ಮೂರರ ಬಸ್ಸು ಹೊಳೆಯ ಸೇತುವೆಯ ಮೇಲೆ ಆಚೆ ದಂಡೆ ಮುಟ್ಟುತ್ತಿತ್ತು.

ಬಾಳಪ್ಪ ಹೊಸ್ತಿಲ ಮೇಲೆ ಕೂತ. ಬುತ್ತಿಗಂಟು ಮಡಿಲಿಗೆ ಎತ್ತಿಕೊಂಡ.

“ಅಜ್ಜಾರ, ನೀವರೆ ನೋಡಿದ್ರೇನ್ರಿ? ಮುಖ ಹೆಂಗಿತ್ತರಿ? ಅಳಾಕತ್ತಿದ್ಲೇನ್ರಿ? ಏನಂದ್ಲರಿ ಆಕಿ?”

ಅಜ್ಜ ಟಿವಿ ಆರಿಸಿದರು. ನೆಲದ ಮೇಲೆ ಬಿದ್ದಿದ್ದ ಪಂಚೆ ಎತ್ತಿ, ಕೊಡವಿ, ಅದಕ್ಕೆ ಹೊದಿಸಿದರು.

“ಬಿಸಿಲು ಆಕಿ ಬೆನ್ನಿಗಿತ್ತು, ಸನಾದಿ ಭಾಳ ಜೋರಿತ್ತು, ತಮ್ಮಾ. ಈ ಸಲದ್ದು ವಿಡಿಯೋನೂ ಇಲ್ಲ.”